ಸವರಿದ್ದು ಕಣ್ಣಿಗೆ ಕಾಣಬಾರದು

ಹಿತ್ತಾಳೆಯ ಕೊಳವೆ ಮುಕ್ಕಾಲು ಪಾಲು ಒಳಗೆ ಹೋಗಿ ಅಲ್ಲೇ ನಿಂತುಬಿಟ್ಟಿದೆ. ಪ್ರೆಸ್ಸಿನ ಹಿಡಿ ಒತ್ತಿದರೂ ಜಗ್ಗದು, ಎತ್ತಿದರೂ ಜಗ್ಗದು. ಸಿಟ್ಟಿನಲ್ಲಿ ಬಲವಾಗಿ ಎಳೆದರೆ ಬುಡದ ಅಂಚಷ್ಟೇ ಕಿತ್ತುಬರುತ್ತದೆ, ಉಳಿದದ್ದು ಉಕ್ಕಿನ ಡೈಯೊಳಗೇ ಕೂರುತ್ತದೆ. ಇನ್ನು ಬುಡಕ್ಕೆ ಡ್ರಿಲ್ ಇಟ್ಟು ಕೊರೆದು, ಟ್ಯಾಪ್ ಹೊಡೆದು, ಬೋಲ್ಟ್ ತಿರುಗಿಸಿ ಅದನ್ನು ಹೊರಗೆಳೆಯಬೇಕು. ಅಮೆರಿಕದಲ್ಲಿ ಈ ಕೆಲಸಕ್ಕೆಂದೇ ಕಿಟ್ ಮಾರುತ್ತಾರೆ. ಎಷ್ಟು ಜನ ಈ ಪಾಡು ಪಟ್ಟಿದ್ದಾರೆ ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು.

ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕೋಶವನ್ನು ಹೆಕ್ಕಿ ತಂದು ಮತ್ತೆ ತುಂಬಿ ಬಳಸುವುದು ಅಲ್ಲಿ ಗ್ಯಾರೇಜಿನ ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಲೈಸೆನ್ಸ್ ಬೇಕು, ಹಾಗಾಗಿ ಈ ದೃಶ್ಯ ನಮಗೆ ಅಪರಿಚಿತ. ಆದರೆ ಬಂದೂಕಿನ ಗಂಧವೇ ಆಗದವರೂ ಮುಂದೆ ಓದಬಹುದು. ಇದು ಬಂದೂಕಿಗಿಂತ ಹೆಚ್ಚಾಗಿ ಜಿಡ್ಡಿನ ವಿಚಾರ.

1906ರಿಂದ ಬಳಕೆಯಲ್ಲಿರುವ ಥರ್ಟಿ-ಆಟ್-ಸಿಕ್ಸ್ ಎಂಬ ರೈಫಲ್ ತೋಟಾವನ್ನೇ ನೋಡಿ. ಅದು ಸಿಡಿದಾಗ ಒಳಗಿನ ಒತ್ತಡ ಚದರ ಇಂಚಿಗೆ 60,000 ಪೌಂಡ್‌ವರೆಗೆ ಏರಬಹುದು. ಕಾರಿನ ಟೈರಿಗೆ ನಾವು ಹಾಕಿಸುವುದು 30ರ ಆಸುಪಾಸು, ಅಂದರೆ ಇದು ಅದರ ಎರಡು ಸಾವಿರ ಪಟ್ಟು. ಆ ಕ್ಷಣ ಹಿತ್ತಾಳೆ ಉಬ್ಬಿ ನಳಿಗೆಯ ಬುಡದ ಗೋಡೆಗೆ ಅಂಟಿಕೊಂಡು, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ಬಿರಡೆಯಾಗುತ್ತದೆ. ಒತ್ತಡ ಇಳಿದಾಗ ತುಸು ಕುಗ್ಗುತ್ತದೆ, ಮೊದಲಿನಷ್ಟಕ್ಕೆ ಬರುವುದಿಲ್ಲ. ಒಂದೆರಡು ಕೂದಲೆಳೆಯಷ್ಟು ದಪ್ಪಗಾಗಿಯೇ ಉಳಿಯುತ್ತದೆ. ಆ ಕೂದಲೆಳೆಯನ್ನು ಹಿಂಡಿ ತೆಗೆಯಲು ಕೋಶವನ್ನು ಬಿಗಿಯಾದ ಉಕ್ಕಿನ ಡೈಯೊಳಗೆ ನುಗ್ಗಿಸಬೇಕು.

ಎಡವಟ್ಟಾಗುವುದು ಇಲ್ಲೇ. ಹಿತ್ತಾಳೆಯೂ ಉಕ್ಕೂ ಎಷ್ಟು ನುಣ್ಣಗೆ ಕಂಡರೂ ಸೂಕ್ಷ್ಮದಲ್ಲಿ ಗುಡ್ಡ-ಕಣಿವೆಗಳೇ. ಹಲಸಿನ ಹಣ್ಣಿನ ಮೇಲೆ ಇನ್ನೊಂದು ಹಲಸಿನ ಹಣ್ಣನ್ನು ಇಟ್ಟ ಹಾಗೆ, ಮುಳ್ಳಿನ ತುದಿಗಳಷ್ಟೇ ಪರಸ್ಪರ ತಾಕುತ್ತವೆ. ಇಡೀ ಒತ್ತಡ ಆ ತುದಿಗಳ ಮೇಲೆ ಬಿದ್ದಾಗ ಮೆತ್ತಗಿನ ಹಿತ್ತಾಳೆ ಉಕ್ಕಿಗೆ ಬೆಸೆದುಕೊಳ್ಳುತ್ತದೆ. ಬೆಂಕಿ ಬೇಡ, ಒತ್ತಡವೇ ಸಾಕು. ಎಳೆದರೆ ಹಿತ್ತಾಳೆಯ ಚೂರು ಉಕ್ಕಿನ ಮೇಲೆ ಉಳಿದು, ಮುಂದೆ ಬರುವ ಪ್ರತಿ ಕೋಶಕ್ಕೂ ಗೀರು ಹಾಕುತ್ತದೆ.

ಹಾಗಾದರೆ ಕೈಗೆ ಸಿಕ್ಕ ಎಣ್ಣೆ ಹಚ್ಚಿದರಾಯಿತಲ್ಲ? ಆಗುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆ ಬೆರಳಿಗೆ ಎಷ್ಟೇ ಜಾರಿದರೂ, ಈ ಮಟ್ಟದ ಒತ್ತಡ ಬಿದ್ದೊಡನೆ ಪಕ್ಕಕ್ಕೆ ಹಿಂಡಿಹೋಗುತ್ತದೆ, ಮುಳ್ಳಿಗೆ ಮುಳ್ಳು ತಾಕುತ್ತದೆ. ವೇಗವಾಗಿ ತಿರುಗುವ ಬೇರಿಂಗಿನಲ್ಲಾದರೆ ಆ ವೇಗವೇ ಎಣ್ಣೆಯನ್ನು ಸಂದಿಗೆ ಎಳೆದು ತಂದು ಲೋಹಗಳನ್ನು ಬೇರೆ ಇಡುತ್ತದೆ. ಕೈಯಲ್ಲಿ ನಿಧಾನವಾಗಿ ಒತ್ತುವ ಪ್ರೆಸ್ಸಿನಲ್ಲಿ ಆ ಭಾಗ್ಯವಿಲ್ಲ. ಇಲ್ಲಿ ಬೇಕಾದದ್ದು ಲೋಹವನ್ನು ಕಚ್ಚಿ ಹಿಡಿದು, ಏನೇ ಆದರೂ ಬಿಡದ ಪೊರೆ. 1920ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ಡಿ ಇಂಥ ಪೊರೆಗಳನ್ನು ಅಭ್ಯಾಸ ಮಾಡಿ, ಒಂದೆರಡು ಅಣುಗಳಷ್ಟು ದಪ್ಪದ ಪದರವೂ ಘರ್ಷಣೆಯನ್ನು ಇಳಿಸಬಲ್ಲದು ಎಂದು ತೋರಿಸಿದ.

ಕೊಬ್ಬಿನ ಆಮ್ಲದ ಅಣುವಿಗೆ ತಲೆಯ ಸ್ವಭಾವ ಒಂದು, ಬಾಲದ್ದು ಇನ್ನೊಂದು. ತಲೆ ಲೋಹಕ್ಕೆ ಅಂಟುತ್ತದೆ, ಉದ್ದನೆಯ ಬಾಲ ಹೊರಕ್ಕೆ ಚಾಚಿ ನಿಲ್ಲುತ್ತದೆ. ಲಕ್ಷಾಂತರ ಅಣುಗಳು ಒತ್ತೊತ್ತಾಗಿ ನಿಂತರೆ ನಾಟಿ ಮಾಡಿದ ಗದ್ದೆಯ ಹಾಗೆ. ಉಕ್ಕಿನ ಮೇಲೊಂದು ಗದ್ದೆ, ಹಿತ್ತಾಳೆಯ ಮೇಲೊಂದು ಗದ್ದೆ, ಪೈರಿನ ತುದಿಗಳು ಒಂದರ ಮೇಲೊಂದು ಜಾರುತ್ತವೆ, ನೆಲಕ್ಕೆ ನೆಲ ತಾಕುವುದಿಲ್ಲ. ನಮ್ಮ ಗಾಡಿಯವರು ಹಾರ್ಡಿಯ ಹೆಸರು ಕೇಳದೆಯೇ ಇದನ್ನು ಬಲ್ಲವರಾಗಿದ್ದರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಅಚ್ಚಿಗೆ ಸವರುತ್ತಿದ್ದ ಕೀಲೆಣ್ಣೆ ಅದೇ ತಾನೇ? ಹರಳೆಣ್ಣೆಯಲ್ಲಿರುವ ಮುಖ್ಯ ಆಮ್ಲಕ್ಕೆ ಬಾಲದ ನಡುವೆಯೂ ಒಂದು ಕೊಕ್ಕೆಯಿದೆ, ಹಾಗಾಗಿ ಅದರ ಹಿಡಿತ ಇನ್ನೂ ಗಟ್ಟಿ. ಮೊದಲ ಮಹಾಯುದ್ಧದ ರೋಟರಿ ವಿಮಾನ ಎಂಜಿನ್‌ಗಳು ಓಡಿದ್ದೂ ಹರಳೆಣ್ಣೆಯ ಮೇಲೆಯೇ.

ಗ್ಯಾರೇಜಿನವರ ಮೆಚ್ಚುಗೆ ಮಾತ್ರ ಲ್ಯಾನೊಲಿನ್‌ಗೆ. ಕುರಿಯ ತುಪ್ಪಟದಿಂದ ತೊಳೆದು ತೆಗೆದ ಜಿಡ್ಡು ಅದು, ತುಟಿಗೆ ಹಚ್ಚುವ ಮುಲಾಮಿನಲ್ಲೂ, ಹಾಲೂಡಿಸುವ ತಾಯಂದಿರ ಕ್ರೀಮಿನಲ್ಲೂ ಇರುವಂಥದ್ದು. (ತೋಟಾ, ಪ್ರಾಣಿಯ ಜಿಡ್ಡು ಎಂದೊಡನೆ ನಮಗೆ 1857 ನೆನಪಾಗದಿರದು. ಅದು ಹಲ್ಲಿನಿಂದ ಕಚ್ಚಿ ಹರಿಯಬೇಕಿದ್ದ ಕಾಗದದ ತೋಟಾ, ಜಿಡ್ಡಿನ ಕೆಲಸವೂ ಬೇರೆ.) ರಸಾಯನದ ಲೆಕ್ಕದಲ್ಲಿ ಲ್ಯಾನೊಲಿನ್ ಕೊಬ್ಬಲ್ಲ, ಮೇಣ. 40 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಕರಗುತ್ತದೆ, ಅಂಟಂಟಾಗಿ ಲೋಹವನ್ನು ಹಿಡಿದುಕೊಳ್ಳುತ್ತದೆ. ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕದಡಿ ಸ್ಪ್ರೇ ಮಾಡುವುದು ರೂಢಿ. ಆಲ್ಕೋಹಾಲ್ ಬರೀ ಹೊರೆಯಾಳು, ಜಿಡ್ಡನ್ನು ಎಲ್ಲೆಡೆಗೂ ಹೊತ್ತು ತಂದು ತಾನು ಆರಿಹೋಗಬೇಕು. ಆರುವ ಮೊದಲೇ ಅವಸರ ಮಾಡಿದವರ ಡೈಯಲ್ಲೇ ಕೋಶ ಸಿಕ್ಕಿಕೊಳ್ಳುವುದು ಹೆಚ್ಚು. ಇನ್ನು ಕೆಲವರು ಗಟ್ಟಿ ಮೇಣದ ಡಬ್ಬಿಗೆ ಬೆರಳಿಟ್ಟು ಒಂದೊಂದಕ್ಕೂ ಸವರುತ್ತಾರೆ. ನನ್ನನ್ನು ಕೇಳಿದರೆ ಇದೇ ಮೇಲು. ನಿಧಾನವೇನೋ ಹೌದು, ಆದರೆ ಎಲ್ಲಿ ಸವರಿದೆ, ಎಲ್ಲಿ ಬಿಟ್ಟಿದೆ ಎಂಬುದು ಬೆರಳಿಗೆ ಗೊತ್ತಾಗುತ್ತದೆ.

ಕಡಿಮೆಯಾದರೆ ಸಿಕ್ಕಿಕೊಳ್ಳುತ್ತದೆ ಎಂದು ಧಾರಾಳವಾಗಿ ಮೆತ್ತಿದರೆ ಇನ್ನೊಂದು ಪೇಚು. ರೈಫಲ್ ಕೋಶಕ್ಕೆ ಕತ್ತಿನ ಕೆಳಗೆ ಸೀಸೆಗಿದ್ದ ಹಾಗೆ ಭುಜವಿರುತ್ತದೆ. ಹೆಚ್ಚಾದ ಜಿಡ್ಡು ಡೈಯೊಳಗೆ ಆ ಭುಜದ ಮೇಲೆ ಸೇರಿ, ಹೋಗಲು ದಾರಿಯಿಲ್ಲದೆ ಹಿತ್ತಾಳೆಯನ್ನೇ ಒಳಕ್ಕೆ ತಳ್ಳುತ್ತದೆ. ದ್ರವವನ್ನು ಅಮುಕಿ ಚಿಕ್ಕದು ಮಾಡಲಾಗದು, ಜೆಸಿಬಿಯ ತೋಳನ್ನು ಎತ್ತುವುದೂ ಇದೇ ಗುಣ. ಕೋಶ ಹೊರಬಂದಾಗ ಭುಜದ ಮೇಲೆ ಹೆಬ್ಬೆರಳಿನಿಂದ ಒತ್ತಿದಂಥ ತಗ್ಗು. ಡೈಯಲ್ಲಿ ಗಾಳಿ ಹೋಗಲು ಸಣ್ಣ ತೂತೊಂದಿರುತ್ತದೆ, ಜಿಡ್ಡು ಅದನ್ನೂ ಮುಚ್ಚಿದ್ದರೆ ಕೇಳುವುದೇ ಬೇಡ. ಆದ್ದರಿಂದ ಭುಜಕ್ಕೆ ಸವರುವುದಿಲ್ಲ. ಒಳಗತ್ತಿಗೆ ಅಭ್ರಕವೋ ಗ್ರಾಫೈಟೋ, ಚಿಟಿಕೆ ಪುಡಿ ಸಾಕು. ಪಿಸ್ತೂಲಿನ ನೇರ ಕೋಶಗಳಿಗಾದರೆ ಟಂಗ್‌ಸ್ಟನ್ ಕಾರ್ಬೈಡ್ ಉಂಗುರವಿರುವ ಡೈ ಸಿಗುತ್ತದೆ. ಹಿತ್ತಾಳೆ ಅದಕ್ಕೆ ಬೆಸೆದುಕೊಳ್ಳುವುದೇ ಅಪರೂಪ, ಜಿಡ್ಡಿನ ತಂಟೆಯೇ ಇಲ್ಲ.

ಕೆಲಸ ಮುಗಿದ ಮೇಲೆ ಒರೆಸಲೇಬೇಕು. ಹಾರಿಸುವಾಗ ಕೋಶ ಗೋಡೆಯನ್ನು ಹಿಡಿದು ಒಂದಿಷ್ಟು ಭಾರ ತಾಳಬೇಕಲ್ಲ? ಜಿಡ್ಡಿದ್ದರೆ ಜಾರಿ ಆ ಭಾರವೂ ಬಂದೂಕಿನ ಹಿಂಬದಿಯನ್ನು ಮುಚ್ಚುವ ಬೋಲ್ಟಿನ ಮೇಲೆ ಬೀಳುತ್ತದೆ. ಆದರೆ ಒರೆಸುವ ನೆಪದಲ್ಲಿ ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್ ಮುಟ್ಟಬಾರದು. ಈ ಎಚ್ಚರಿಕೆಯ ಬೇರು ಇರುವುದು ನಮ್ಮ ದೇಶದಲ್ಲೇ. ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸಿದ್ದ ತೋಟಾಗಳು ಯಾರೂ ಮುಟ್ಟದೆಯೇ ಬಿರುಕು ಬಿಡುತ್ತಿದ್ದವು. ಋತು ನೋಡಿಕೊಂಡು ಬರುವ ಕಾಯಿಲೆಯೆಂದು ಇಂಗ್ಲಿಷಿನಲ್ಲಿ ಅದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರೇ ಬಿತ್ತು. ಕಾರಣ ಸ್ಪಷ್ಟವಾದದ್ದು 1921ರಲ್ಲಿ. ಕುದುರೆಯ ಗಂಜಲದಿಂದ ಏಳುವ ಅಮೋನಿಯಾ, ತಣ್ಣಗೆ ಎಳೆದು ಹಿಂಡಿದ ಹಿತ್ತಾಳೆಯೊಳಗೆ ಉಳಿದುಬಿಡುವ ಬಿಗುವು, ಎರಡೂ ಸೇರಿದರೆ ಲೋಹ ಸೀಳುತ್ತದೆ. ಬಿಗುವು ಸಡಿಲಿಸಲು ಕಂಚುಗಾರರು ಬಡಿದ ಪಾತ್ರೆಗೆ ಮಾಡುವುದನ್ನೇ ಇಲ್ಲೂ ಮಾಡುತ್ತಾರೆ, ಕಾಯಿಸುತ್ತಾರೆ. ಸೈನ್ಯದ ತೋಟಾಗಳ ಕತ್ತಿನ ಬಳಿ ಇಂದಿಗೂ ಕಾಣುವ ನೀಲಿ-ಕಂದು ಕಲೆ ಆ ಬೆಂಕಿಯದೇ.