ಅಡಿಕೆ ಸುಲಿಯುವ ಚಪ್ಪರದಲ್ಲಿ ವಿಜ್ಞಾನದ ವಿಚಾರಣೆ

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಲೋಕದ ಸುದ್ದಿಗಳಿಗೆಲ್ಲ ತೀರ್ಪು ಹೇಳುವ ನ್ಯಾಯಸ್ಥಾನವೊಂದು ಪ್ರತಿವರ್ಷವೂ ಕಾರ್ತಿಕದಿಂದ ಪುಷ್ಯದವರೆಗೆ ನಡೆಯುತ್ತದೆ. ಅದಕ್ಕೆ ಕಟ್ಟಡವಿಲ್ಲ, ವಕೀಲರಿಲ್ಲ. ಅಂಗಳದ ಚಪ್ಪರ, ಒಂದು ದೀಪ, ರಾಶಿ ಬಿದ್ದ ಹಸಿ ಅಡಿಕೆ, ಸಾಲಾಗಿ ಇಟ್ಟ ಮೆಟ್ಟುಗತ್ತಿಗಳು, ಅವುಗಳ ಮುಂದೆ ಕುಳಿತ ಹತ್ತಾರು ಜನ; ಇಷ್ಟೇ. ಕೈ ಅಡಿಕೆಯನ್ನು ಸುಲಿಯುತ್ತಿದ್ದರೆ ಬಾಯಿ ಲೋಕವನ್ನು ಸುಲಿಯುತ್ತಿರುತ್ತದೆ. ಚಂದ್ರನಲ್ಲಿ ನೀರಿನ ಸುಳಿವು ಸಿಕ್ಕಿತೆಂದು 2009ರಲ್ಲಿ ಪತ್ರಿಕೆಗಳು ಬರೆದಾಗ ಈ ಚಪ್ಪರದಿಂದ ಬಂದ ಪ್ರತಿಕ್ರಿಯೆ ಒಂದೇ ಒಂದು: "ಅಷ್ಟು ದೂರದ್ದು ಕಂಡವರಿಗೆ ನಮ್ಮ ನಳದಾಗಿನ ನೀರು ಯಾವಾಗ ಕಾಣಬಹುದು?" ಇಂತಹ ಮಾತುಗಳನ್ನು ಕೇಳುತ್ತ ಬೆಳೆದವನು ನಾನು. ಸಂದೇಹಪಡುವುದು ಅವಿವೇಕವೆಂದು ನನಗೆ ಎಂದೂ ಅನ್ನಿಸಿಲ್ಲ.

ಆದರೆ 2024ರ ಸುಗ್ಗಿಯಲ್ಲಿ ಈ ಚಪ್ಪರದ ಮುಂದೆ ಬಂದ ಸುದ್ದಿ ಚಂದ್ರಲೋಕದ್ದಾಗಿರಲಿಲ್ಲ. ಕೈಯಲ್ಲಿ ಹಿಡಿದಿದ್ದ ಅಡಿಕೆಯ ಸುದ್ದಿಯೇ ಆಗಿತ್ತು. ಆ ವರ್ಷದ ಅಕ್ಟೋಬರಿನಲ್ಲಿ 'ಲ್ಯಾನ್ಸೆಟ್ ಆಂಕಾಲಜಿ' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೆಕ್ಕಾಚಾರ ಪ್ರಕಟವಾಯಿತು. 2022ರಲ್ಲಿ ಜಗತ್ತಿನಾದ್ಯಂತ ಹೊಸದಾಗಿ ಕಂಡ ಬಾಯಿಯ ಕ್ಯಾನ್ಸರ್ ಸುಮಾರು 3,89,800. ಅದರಲ್ಲಿ ಸುಮಾರು 1,20,200 ಹೊಗೆರಹಿತ ತಂಬಾಕಿಗೆ ಅಥವಾ ಅಡಿಕೆಗೆ ಸಲ್ಲುವಂಥದು. ಅದರೊಳಗೂ ಸುಮಾರು 83,400 ನಮ್ಮ ಭಾರತದ್ದು. ಲೆಕ್ಕ ಹಾಕಿದವರಲ್ಲಿ ಮುಖ್ಯರು ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು.

ಸುದ್ದಿಯನ್ನು ಮೊಬೈಲಿನಲ್ಲಿ ಓದಿ ಹೇಳಿದ ಹುಡುಗ ಇನ್ನೂ ವಾಕ್ಯ ಮುಗಿಸಿರಲಿಲ್ಲ. ಚಪ್ಪರದ ನಾಲ್ಕೂ ದಿಕ್ಕಿನಿಂದ ಪಾಟೀಸವಾಲು ಆರಂಭವಾಯಿತು. "ಆ ಊರಿನವರ ಪಟ್ಟಿಯಲ್ಲಿ ಸೂರ್ಯನ ಬಿಸಿಲೂ ಐತಂತ. ಮೊದಲು ಸೂರ್ಯನಿಗೆ ನೋಟೀಸು ಕೊಡಲಿ, ಆಮೇಲೆ ಅಡಿಕೆಯ ಹತ್ತಿರ ಬರಲಿ" ಎಂದರೊಬ್ಬರು. "ಕಾಫಿಗೂ ಹಿಂಗs ಅಂದಿದ್ದರು, ಆಮೇಲೆ ಇಲ್ಲ ಅಂದರು. ಅಡಿಕೆಗೂ ಒಂದು ದಿನ ಕ್ಷಮೆ ಕೇಳತಾರ" ಎಂದು ಇನ್ನೊಬ್ಬರು. "ತಂಬಾಕು ಮಾಡಿದ ಪಾಪ ಅಡಿಕೆಯ ತಲೆಗೆ" ಎಂಬುದು ಮೂರನೆಯವರದು. ಕೊನೆಗೆ ಎಲ್ಲರೂ ಒಕ್ಕೊರಲಿನಿಂದ ಕರೆತಂದ ಸಾಕ್ಷಿಯೆಂದರೆ ಅಜ್ಜ. ದಿನಕ್ಕೆ ಇಪ್ಪತ್ತು ಸಲ ಎಲೆ ಹಾಕಿಯೂ ತೊಂಬತ್ತು ದಾಟಿದ ಅಜ್ಜ ನಮ್ಮ ಸೀಮೆಯ ಮನೆಮನೆಯಲ್ಲಿಯೂ ಇದ್ದಾನೆ.

ನನ್ನದೂ ಎರಡು ಎಕರೆ ತೋಟ. ಈ ಮಾತುಗಳಿಗೆ ನಗುವುದರಲ್ಲಿ ನಾನೂ ಹಿಂದೆ ಬೀಳಲಿಲ್ಲ. ಆದರೂ ಮನೆಗೆ ಬಂದ ಮೇಲೆ ಒಂದೊಂದನ್ನೂ ಸುಲಿದು ನೋಡಬೇಕೆನಿಸಿತು.

ಬಿಸಿಲಿನ ಮಾತು ನಿಜ. ಲಿಯೋನ್ ಸಂಸ್ಥೆಯ ಮೊದಲನೆಯ ಗುಂಪಿನಲ್ಲಿ ಬಿಸಿಲಿದೆ, ಮದ್ಯವಿದೆ, ಮರಗೆಲಸದ ಧೂಳೂ ಇದೆ. ಆ ಗುಂಪಿಗೆ ಸೇರಿಸುವುದೆಂದರೆ 'ಇದರಿಂದ ಕ್ಯಾನ್ಸರ್ ಬರಬಲ್ಲದು ಎಂಬುದಕ್ಕೆ ಸಾಕಷ್ಟು ಸಾಕ್ಷ್ಯವಿದೆ' ಎಂದಷ್ಟೇ ಅರ್ಥ. ಎಷ್ಟು ಸೇವಿಸಿದರೆ ಎಷ್ಟು ಅಪಾಯ ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ. ಊಟವಾದ ಮೇಲೆ ಒಂದು ಹೋಳು ಬಾಯಿಗೆ ಹಾಕಿ ಉಗುಳಿ ಬರುವವನನ್ನೂ, ಬೆಳಗಿನಿಂದ ರಾತ್ರಿಯವರೆಗೆ ದವಡೆಯಲ್ಲಿ ಉಂಡೆ ಇಟ್ಟುಕೊಂಡಿರುವವನನ್ನೂ ಅದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಪತ್ರಿಕೆಯ ದಪ್ಪಕ್ಷರದ ತಲೆಬರಹ ಈ ಭೇದವನ್ನು ನುಂಗಿಬಿಡುತ್ತದೆ. ಈ ವಿಷಯದಲ್ಲಿ ಚಪ್ಪರದ ವ್ಯಂಗ್ಯಕ್ಕೆ ಅರ್ಧ ಅಂಕ ಕೊಡಲೇಬೇಕು. ಉಳಿದರ್ಧ ಏಕಿಲ್ಲವೆಂದರೆ, ಜಗಿಯುವುದು ಹೆಚ್ಚಿದಂತೆ, ವರ್ಷಗಳು ಕಳೆದಂತೆ ಅಪಾಯವೂ ಹೆಚ್ಚುತ್ತದೆಂದು ಬೇರೆ ಬೇರೆ ಅಧ್ಯಯನಗಳು ತೋರಿಸಿವೆ. ಬಿಸಿಲನ್ನು ಬಿಟ್ಟು ಬದುಕಲಾಗದು. ಪಾನ್ ಮಸಾಲದ ಚೀಟಿಯನ್ನು ಬಿಟ್ಟು ಬದುಕಬಹುದು.

ಕಾಫಿಯ ಕಥೆಯೂ ನಿಜವೇ. 1991ರಲ್ಲಿ ಅದೇ ಸಂಸ್ಥೆ ಕಾಫಿಯನ್ನು ಮೂತ್ರಕೋಶದ ಕ್ಯಾನ್ಸರಿಗೆ 'ಕಾರಣವಾಗಿರಬಹುದು' ಎಂಬ ಸಂಶಯದ ಗುಂಪಿಗೆ ಹಾಕಿತ್ತು. 2016ರಲ್ಲಿ ಸಾಕ್ಷ್ಯ ಸಾಲದೆಂದು ಕೆಳಗಿಳಿಸಿತು. ತಪ್ಪನ್ನು ತಿದ್ದಿಕೊಂಡವನನ್ನು ನಾವು ಸಾಮಾನ್ಯವಾಗಿ ದೊಡ್ಡವನೆನ್ನುತ್ತೇವೆ. ವಿಜ್ಞಾನಿ ತಿದ್ದಿಕೊಂಡರೆ ಮಾತ್ರ ಮಾತು ತಪ್ಪಿದವನೆನ್ನುತ್ತೇವೆ. ಅದಿರಲಿ, ಅಡಿಕೆಯ ಕಡತ ಸಾಗಿದ ದಿಕ್ಕು ಕಾಫಿಯದಕ್ಕೆ ತದ್ವಿರುದ್ಧ. 1985ರಲ್ಲಿ ಆ ಸಂಸ್ಥೆ ದೋಷಿಯೆಂದದ್ದು ತಂಬಾಕು ಸೇರಿದ ತಾಂಬೂಲವನ್ನು ಮಾತ್ರ. ತಂಬಾಕಿಲ್ಲದ ತಾಂಬೂಲದ ಬಗ್ಗೆ ಸಾಕ್ಷ್ಯ ಸಾಲದೆಂದು ಸುಮ್ಮನಿತ್ತು. 2004ರಲ್ಲಿ ಪ್ರಕಟವಾದ ಸಂಪುಟದಲ್ಲಿ ತಂಬಾಕಿಲ್ಲದ ತಾಂಬೂಲವೂ, ಬರಿಯ ಅಡಿಕೆಯೂ ಮೊದಲನೆಯ ಗುಂಪಿಗೆ ಸೇರಿದವು. ಸಾಕ್ಷ್ಯ ಕರಗುತ್ತ ಹೋಗಲಿಲ್ಲ, ಗಟ್ಟಿಯಾಗುತ್ತ ಬಂದಿತು.

'ತಂಬಾಕಿನ ಪಾಪ' ಎಂಬ ಮಾತು ನನಗೂ ಬಹಳ ಕಾಲ ಆಸರೆಯಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಆ ಆಸರೆಯನ್ನು ಕಿತ್ತದ್ದು ತೈವಾನ್. ಆ ದ್ವೀಪದಲ್ಲಿಯೂ ಅಡಿಕೆ ಬೆಳೆಯುತ್ತಾರೆ, ಹಸಿರು ಎಳೆಗಾಯಿಯನ್ನು ಸುಣ್ಣದೊಡನೆ ಜಗಿಯುತ್ತಾರೆ. ಆದರೆ ಅದಕ್ಕೆ ತಂಬಾಕನ್ನು ಬೆರೆಸುವ ರೂಢಿಯಿಲ್ಲ. ಧೂಮಪಾನದ ಪ್ರಭಾವವನ್ನು ಲೆಕ್ಕದಿಂದ ಕಳೆದು ನೋಡಿದಾಗಲೂ ಅಲ್ಲಿ ಜಗಿಯುವವರಿಗೆ ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ತಂಬಾಕು ಸೇರಿದರೆ ಹಾನಿ ಹೆಚ್ಚು ಎಂಬುದು ಸರಿ; ತಂಬಾಕಿಲ್ಲದಿದ್ದರೆ ಹಾನಿಯೇ ಇಲ್ಲವೆಂಬುದು ನಿಲ್ಲುವುದಿಲ್ಲ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ನಡೆದದ್ದನ್ನು ನಾವೆಲ್ಲ ಕಂಡಿದ್ದೇವೆ. ಅಂಗಡಿಯ ಸರದಲ್ಲಿ ಮಸಾಲೆಯದೊಂದು ಚೀಟಿ, ತಂಬಾಕಿನದೊಂದು ಚೀಟಿ ಬೇರೆಬೇರೆಯಾಗಿ ತೂಗಿದವು. ಬಾಯಿಯೊಳಗೆ ಹೋಗಿ ಒಂದಾದವು.

ಇನ್ನು ಅಜ್ಜನ ಸಾಕ್ಷ್ಯ. ಅದನ್ನು ಎದುರಿಸುವುದು ಕಷ್ಟ, ಏಕೆಂದರೆ ಅಜ್ಜನ ಮೇಲೆ ನಮಗೆ ಪ್ರೀತಿಯಿದೆ. ಆದರೆ ಐವತ್ತಕ್ಕೇ ಹೋದವನು ಅಜ್ಜನಾಗಿ ಚಪ್ಪರಕ್ಕೆ ಬಂದು ಸಾಕ್ಷಿ ಹೇಳಲಾರನಲ್ಲ! ಮಳೆಗಾಲದಲ್ಲಿ ತುಂಬಿದ ಹೊಳೆಯನ್ನು ಈಜಿ ದಾಟಿದವರಷ್ಟೇ ಆಚೆಯ ದಡದಲ್ಲಿ ನಿಂತು 'ಹೊಳೆಯಲ್ಲೇನೂ ಅಪಾಯವಿಲ್ಲ' ಎಂದು ಕೂಗಿದಂತೆ ಅದು.

ಈ ಎಲ್ಲ ಸವಾಲುಗಳಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆ ರಾತ್ರಿ ಯಾರೋ ತಿರಸ್ಕಾರದಿಂದ ಆಡಿದ ಮಾತು: "ಫ್ರಾನ್ಸಿನವರಿಗೆ ನಮ್ಮ ಅಡಿಕೆ ಏನು ಗೊತ್ತು?" ಏಕೆಂದರೆ ನಮ್ಮ ತೋಟಗಳು ಇಂದು ಉಳಿದಿರುವುದೇ ಫ್ರಾನ್ಸಿನ ಒಂದು ಮದ್ದಿನಿಂದ. ಆಷಾಢದ ಜಡಿಮಳೆಗೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ನಮ್ಮ ಹಿರಿಯರು ಒಂದೊಂದು ಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು. ಅತ್ತ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ಬೆಳೆಗಾರರು, ದಾರಿಹೋಕರು ಹಣ್ಣು ಕದಿಯದಿರಲೆಂದು, ದಾರಿಯಂಚಿನ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಬಳಿಯುತ್ತಿದ್ದರು. ಹಾಗೆ ಬಳಿದ ಬಳ್ಳಿಗಳಿಗೆ ಮಾತ್ರ ರೋಗ ತಗಲಿಲ್ಲವೆಂಬುದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಅಧ್ಯಾಪಕರು ಗಮನಿಸಿ, ಪರೀಕ್ಷಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದರು. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಕೊಳೆರೋಗವನ್ನು ಅಭ್ಯಸಿಸಿ ಇದೇ ದ್ರಾವಣವನ್ನು ಅಡಿಕೆಗೆ ಸಿಂಪಡಿಸಬಹುದೆಂದು ತೋರಿಸಿಕೊಟ್ಟರು. ಇಂದು ನಮ್ಮ ಮನೆಯ ಮಕ್ಕಳಿಗೂ ಅದರ ಅಳತೆ ಬಾಯಿಪಾಠ: ನೂರು ಲೀಟರು ನೀರು, ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಂದ ಮೇಲೆ, ಬೋರ್ಡೋದಿಂದ ಬಂದ ಮದ್ದು ನಮ್ಮದು, ಲಿಯೋನಿನಿಂದ ಬಂದ ಮಾತು ಪರದೇಶದ್ದು!

ಇಷ್ಟೇ ಅಲ್ಲ. 2019ರಲ್ಲಿ 'ಶಿರಸಿ ಸುಪಾರಿ'ಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕುಗಳ ಅಡಿಕೆಗೆ ಮಾತ್ರ ಆ ಹೆಸರು ಸಲ್ಲುತ್ತದೆ. ನಮಗೆಲ್ಲ ಹೆಮ್ಮೆಯಾಯಿತು, ಸಿಹಿ ಹಂಚಿದೆವು. ಆ ಮಾನ್ಯತೆಗೆ ಆಧಾರವಾದುದೇನು? ಒಣಗಿದ ಅಡಿಕೆಯ ಸರಾಸರಿ ತೂಕ 7.5 ಗ್ರಾಂ, ದಪ್ಪ 16 ಮಿಲಿಮೀಟರು, ಒಳಗಿನ ರಾಸಾಯನಿಕ ಅಂಶ ಇಷ್ಟಿಷ್ಟು ಎಂದು ಅಳೆದು ಕೊಟ್ಟ ವಿವರಗಳು. ಆ ಅಂಕಿಗಳನ್ನು ಓದಿದಾಗ ನಮ್ಮ ಚಪ್ಪರದಲ್ಲಿ ಯಾರೊಬ್ಬರೂ 'ಇದನ್ನು ಅಳೆದವರು ಯಾರು, ಎಷ್ಟು ಅಡಿಕೆ ತೂಗಿದರು?' ಎಂದು ಕೇಳಿದ್ದು ನನಗೆ ನೆನಪಿಲ್ಲ. ಅಡಿಕೆಯಿಂದ ಚಹಾ ಆಗುತ್ತದೆ, ಸಕ್ಕರೆ ಕಾಯಿಲೆ ಇಳಿಯುತ್ತದೆ ಎಂಬ ಸುದ್ದಿಗಳು ಬಂದಾಗಲೂ ಅಷ್ಟೇ. ಹಿತವಾದ ಸುದ್ದಿಯನ್ನು ಸಿಪ್ಪೆಸಹಿತ ನುಂಗಿದೆವು. ಅಹಿತವಾದುದಕ್ಕೆ ಮಾತ್ರ ಮೆಟ್ಟುಗತ್ತಿ ಹಿಡಿದೆವು.

ನಮ್ಮವರಿಗೆ ಸರಿಯಾಗಿ ಸಂದೇಹಪಡಲು ಬರುವುದಿಲ್ಲವೆಂದೇನೂ ಅಲ್ಲ. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂದಾಗ ಈ ಸೀಮೆಯ ಬೆಳೆಗಾರರು ಹಾಸ್ಯ ಮಾಡಿ ಸುಮ್ಮನಾಗಲಿಲ್ಲ. 1923ರಿಂದ ನಡೆದುಬಂದಿರುವ ತೋಟಗಾರರ ಸಹಕಾರಿ ಮಾರಾಟ ಸಂಘವು 1981ರಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣವನ್ನೇ ಏರ್ಪಡಿಸಿತು. ತಜ್ಞರನ್ನು ಕರೆಸಿ, ಮುಳುಗುವ ಕಾಡು ತೋಟಗಳ ಬೆಲೆಯೆಷ್ಟು, ಬರುವ ವಿದ್ಯುತ್ತಿನ ಬೆಲೆಯೆಷ್ಟು ಎಂದು ಚರ್ಚೆ ನಡೆಸಿತು. ಮುಂದೆ ಸರ್ಕಾರ ಆ ಯೋಜನೆಯಿಂದ ಹಿಂದೆ ಸರಿಯಿತು. ಯಲ್ಲಾಪುರದ ನೆರೆಯ ಕೈಗಾದ ಅಣುಸ್ಥಾವರದ ವಿಷಯದಲ್ಲಿಯೂ ಅನುಮಾನ ಬಲವಾಗಿತ್ತು, ಡಾ. ಶಿವರಾಮ ಕಾರಂತರು ಅದನ್ನು ವಿರೋಧಿಸಿ 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತರು. 1994ರ ಮೇ 13ರಂದು, ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಪದರದ ಕಾಂಕ್ರೀಟು ಕಳಚಿ ಬಿದ್ದಾಗ ಅನುಮಾನಿಸಿದವರು ಹುಚ್ಚರಲ್ಲವೆಂದು ಜನ ಕಂಡರು. ಅದೇ ಸ್ಥಾವರದ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಬರೆಯಿತು. ಎರಡಕ್ಕೂ ಮೇ 13 ಎಂಬ ತಾರೀಖು ಕೂಡಿಬಂದದ್ದಕ್ಕೆ ಚಪ್ಪರದ ಜ್ಯೋತಿಷಿಗಳು ಏನಾದರೂ ಹೇಳಿಕೊಳ್ಳಲಿ.

ಅಡಿಕೆಯ ವಿಷಯದಲ್ಲಿ ನಾನು ನಗುವುದನ್ನು ನಿಲ್ಲಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ನನ್ನ ಸೋದರಮಾವ ತಂಬಾಕನ್ನು ಎಂದೂ ಮುಟ್ಟಿದವರಲ್ಲ. ಲಾರಿಯಲ್ಲಿ ಅಡಿಕೆ ಮೂಟೆ ಹೇರಿಕೊಂಡು ಊರೂರು ತಿರುಗುವಾಗ ನಿದ್ರೆ ಬಾರದಿರಲೆಂದು ಮಸಾಲೆ ಅಡಿಕೆಯನ್ನು ರೂಢಿಸಿಕೊಂಡರು. ನಲವತ್ತೈದರ ಹೊತ್ತಿಗೆ ಖಾರ ತಿಂದರೆ ಬಾಯಿ ಉರಿ. ಅತ್ತೆ ಸಾರಿಗೆ ಮೆಣಸು ಕಡಿಮೆ ಮಾಡಿದರು. ಅದು ಅಡುಗೆಯ ದೋಷವೆಂದೇ ಎಲ್ಲರೂ ತಿಳಿದಿದ್ದೆವು. ಆಮೇಲೆ ರೊಟ್ಟಿಯನ್ನು ಚೂರುಚೂರು ಮಾಡಿ ತಿನ್ನತೊಡಗಿದರು. ಹುಬ್ಬಳ್ಳಿಯ ವೈದ್ಯರೊಬ್ಬರು "ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯಿಯೊಳಗೆ ಹಾಕಿ" ಎಂದರು. ಒಂದೂವರೆ ಬೆರಳು ಹೋಯಿತು.

ಕೆನ್ನೆಯ ಒಳಪೊರೆ ನಾರುಗಟ್ಟಿ ಬಿಗಿಯುವ ಆ ರೋಗವನ್ನು 1952ರಲ್ಲಿ ವೈದ್ಯರು ಮೊದಲು ವರ್ಣಿಸಿದ್ದು ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರವಸ್ತು ಒಳಪೊರೆಯಲ್ಲಿ ನಾರು ಬೆಳೆಯುವಂತೆ ಪ್ರಚೋದಿಸುತ್ತದೆ. ಬೇಗ ಗುರುತಿಸಿ ಅಡಿಕೆ ಬಿಟ್ಟರೆ ರೋಗ ಮುಂದುವರಿಯುವುದನ್ನು ತಡೆಯಬಹುದು; ಆದರೆ ಬಿಗಿದುದು ಮೊದಲಿನಂತೆ ಪೂರ್ತಿ ಸಡಿಲವಾಗುವುದಿಲ್ಲ. ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ. ಮಾವನಿಗೆ ಹಾಗಾಗಲಿಲ್ಲ. ಅವರು ಇಂದಿಗೂ ತೋಟ ಮಾಡುತ್ತಾರೆ, ಅಡಿಕೆ ಮಾರುತ್ತಾರೆ, ಮಜ್ಜಿಗೆಯಲ್ಲಿ ಮೆದು ಮಾಡಿದ ಅನ್ನ ಉಣ್ಣುತ್ತಾರೆ. ಮಗಳ ಮದುವೆಯಲ್ಲಿ ಬಂದವರಿಗೆಲ್ಲ ಎಲೆ ಮತ್ತು ಇಡೀ ಅಡಿಕೆಯನ್ನಿಟ್ಟು ಕೈಮುಗಿದು ತಾಂಬೂಲ ಕೊಟ್ಟರು. ಊಟದ ಪಂಕ್ತಿಯಲ್ಲಿ ಮಕ್ಕಳ ಕೈಗೂ ಬೀಳುವ ಸಿಹಿ ಅಡಿಕೆಯ ಚೀಟಿಗಳನ್ನು ಮಾತ್ರ ತರಿಸಲಿಲ್ಲ. ಬೀಗರ ಕಡೆಯವರು ಒಂದೆರಡು ಮಾತು ಆಡಿದರು. ಮಾವ ಕೇಳಿಸದವರಂತೆ ಇದ್ದರು.

ಆ ರಾತ್ರಿ ಚಪ್ಪರದ ಮೂಲೆಯಲ್ಲಿ ಅವರೂ ಕುಳಿತಿದ್ದರು. ಸೂರ್ಯನಿಗೆ ನೋಟೀಸು ಕೊಡುವ ಮಾತಿಗೆ ಎಲ್ಲರೊಡನೆ ತಾವೂ ನಕ್ಕರು. ಅವರ ನಗೆ ಈಗ ತುಟಿಯಂಚಿನಲ್ಲೇ ನಿಲ್ಲುತ್ತದೆ. ಗದ್ದಲ ಇಳಿದ ಮೇಲೆ ಮೆಟ್ಟುಗತ್ತಿಯನ್ನು ಬದಿಗಿಟ್ಟು, ಸುದ್ದಿ ಓದಿದ ಹುಡುಗನನ್ನೂ ಅವನ ಜೊತೆಗಾರರನ್ನೂ ಹತ್ತಿರ ಕರೆದರು. "ಫ್ರಾನ್ಸಿನವರ ಮಾತು ಬಿಡ್ರಿ ತಮ್ಮಾ. ಕೈ ತೊಳಕೊಂಡು ಬಂದು ಮೂರು ಬೆರಳು ಬಾಯಾಗ ಹಾಕಿ ತೋರಸ್ರಿ" ಎಂದರು. ಹುಡುಗರು ಆಟವೆಂದೇ ತಿಳಿದು ಒಬ್ಬರನ್ನೊಬ್ಬರು ತಳ್ಳುತ್ತ ಸಾಲಾಗಿ ನಿಂತರು. ಆರು ಜನರಲ್ಲಿ ಐವರಿಗೆ ಮೂರೂ ಬೆರಳು ಸಲೀಸಾಗಿ ಹೋದವು. ಆರನೆಯವನು ಪಕ್ಕದ ಮನೆಯವನು, ಹತ್ತೊಂಬತ್ತರ ಹುಡುಗ. ಅವನು ಎರಡು ಸಲ ಪ್ರಯತ್ನಿಸಿ, "ನನ್ನ ಬೆರಳು ದಪ್ಪ ಅದಾವು, ಮಾಮಾ" ಎಂದು ನಕ್ಕ. ಸೋಮವಾರ ಬೆಳಗಿನ ಬಸ್ಸಿಗೆ ಮಾವನೇ ಅವನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದರು.