ಹವಳದ ಅಕ್ವೇರಿಯಂನಲ್ಲಿ ನೈಟ್ರೇಟ್ ನಿಯಂತ್ರಣ

ಹವಳದ ಅಕ್ವೇರಿಯಂನಲ್ಲಿ ನೈಟ್ರೇಟ್ ನಿಯಂತ್ರಣ ಎಂಬುದು ಮನೆಯಲ್ಲಿ ಹವಳ ಮತ್ತು ಕಡಲ ಮೀನುಗಳನ್ನು ಸಾಕುವ ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ ಸಂಗ್ರಹವಾಗುವ ನೈಟ್ರೇಟನ್ನು ಆ ಜೀವಿಗಳಿಗೆ ಸಹ್ಯವಾದ ಮಿತಿಯಲ್ಲಿ ಇರಿಸುವ ಕ್ರಮ. ಸಮುದ್ರದ ಹವಳದ ದಿಬ್ಬಗಳ ಸುತ್ತಲಿನ ನೀರಿನಲ್ಲಿ ನೈಟ್ರೇಟ್ ಸಾಮಾನ್ಯವಾಗಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇರುತ್ತದೆ. ಮನೆಯ ತೊಟ್ಟಿಯಲ್ಲಿ ಅದು 40 ಮಿಲಿಗ್ರಾಂ ದಾಟುವುದು ಅಪರೂಪವಲ್ಲ. ಗದಗ ಜಿಲ್ಲೆಯ ಗಜೇಂದ್ರಗಡ ತಾಲ್ಲೂಕಿನ ಪುರ್ತಗೇರಿಯಂತಹ, ಕಡಲಿನಿಂದ ದೂರದ ಬಯಲುಸೀಮೆಯ ಊರುಗಳಲ್ಲಿ ಕೊಳವೆ ಬಾವಿಯ ನೀರನ್ನು ಬಳಸುವವರಿಗೆ ಈ ಸಮಸ್ಯೆ ಇಮ್ಮಡಿಯಾಗುತ್ತದೆ. ತೊಟ್ಟಿಯಲ್ಲಿ ಹುಟ್ಟುವ ನೈಟ್ರೇಟಿನ ಜೊತೆಗೆ, ತೊಟ್ಟಿಗೆ ತುಂಬುವ ನೀರೇ ಅದನ್ನು ಹೊತ್ತು ತರಬಹುದು.

ನೈಟ್ರೇಟ್ ಉಂಟಾಗುವ ಬಗೆ

ಮೀನುಗಳ ಆಹಾರದಲ್ಲಿ ಪ್ರೋಟೀನು ಮುಖ್ಯ. ಪ್ರೋಟೀನಿನ ತೂಕದಲ್ಲಿ ಸುಮಾರು ಶೇ. 16 ಭಾಗ ಸಾರಜನಕ. ಮೀನು ತಿಂದು ಹೊರಹಾಕಿದ್ದು ಮತ್ತು ತಿನ್ನದೆ ತಳಕ್ಕೆ ಬಿದ್ದು ಕೊಳೆತದ್ದು, ಎರಡರಿಂದಲೂ ಅಮೋನಿಯ ಹುಟ್ಟುತ್ತದೆ. ಇದು ಮೀನುಗಳಿಗೆ ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಕ್ರಿಯೆ ಕೇವಲ ರಾಸಾಯನಿಕವಲ್ಲ, ಜೀವಿಗಳ ಕೆಲಸ ಎಂಬುದನ್ನು 1877ರಲ್ಲಿ ಫ್ರಾನ್ಸಿನ ಷ್ಲೋಸಿಂಗ್ ಮತ್ತು ಮ್ಯುಂಟ್ಸ್ ತೋರಿಸಿಕೊಟ್ಟರು. ಮರಳು ಮತ್ತು ಸುಣ್ಣದ ಕಲ್ಲು ತುಂಬಿದ ಕೊಳವೆಯೊಂದರ ಮೂಲಕ ಅವರು ಚರಂಡಿ ನೀರನ್ನು ನಿಧಾನವಾಗಿ ಹರಿಸಿದರು. ಕೆಲವು ದಿನಗಳ ಬಳಿಕ ಅಮೋನಿಯ ಮಾಯವಾಗಿ ನೈಟ್ರೇಟ್ ಕಾಣಿಸಿಕೊಂಡಿತು. ಕ್ಲೋರೋಫಾರಂ ಹಾಯಿಸಿದಾಗ ಆ ಕ್ರಿಯೆ ನಿಂತುಹೋಯಿತು. ಇಂದಿನ ಅಕ್ವೇರಿಯಂ ಶೋಧಕಗಳು ಬಹುಮಟ್ಟಿಗೆ ಅದೇ ಕೊಳವೆಯ ವಂಶಸ್ಥರು.

ಇಲ್ಲಿಗೆ ಸರಪಳಿ ಬಹುತೇಕ ನಿಲ್ಲುತ್ತದೆ. ನೈಟ್ರೇಟ್ ಅಮೋನಿಯದಷ್ಟು ವಿಷಕಾರಿಯಲ್ಲ. ಆದರೆ ತಾನಾಗಿ ಹೊರಹೋಗುವುದೂ ಇಲ್ಲ. 100 ಲೀಟರಿನ ತೊಟ್ಟಿಗೆ ಶೇ. 45 ಪ್ರೋಟೀನು ಇರುವ ಒಣ ಆಹಾರವನ್ನು 1 ಗ್ರಾಂ ಹಾಕಿದರೆ, ಅದರ ಸಾರಜನಕವೆಲ್ಲ ನೈಟ್ರೇಟ್ ಆದಲ್ಲಿ, ಲೀಟರಿಗೆ ಸುಮಾರು 3 ಮಿಲಿಗ್ರಾಂ ಏರಿಕೆಯಾಗುತ್ತದೆ. ಪ್ರೀತಿಯಿಂದ ಎರಡು ಚಿಟಿಕೆ ಹೆಚ್ಚಿಗೆ ಉದುರಿಸುವವರ ತೊಟ್ಟಿಯಲ್ಲಿ ತಿಂಗಳೊಪ್ಪತ್ತಿನಲ್ಲಿ ಏನಾಗುತ್ತದೆ ಎಂಬುದನ್ನು ಇದರಿಂದ ಊಹಿಸಬಹುದು.

ಹವಳದ ದೇಹದೊಳಗೆ ಏಕಕೋಶದ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಿಂದ ತಯಾರಿಸಿದ ಆಹಾರದಲ್ಲಿ ಹವಳಕ್ಕೂ ಪಾಲು ಸಿಗುತ್ತದೆ. ನೈಟ್ರೇಟ್ ಹೆಚ್ಚಿದಾಗ ಈ ಪಾಚಿಗಳು ಮಿತಿಮೀರಿ ಬೆಳೆದು ಹವಳ ಕಂದು ಬಣ್ಣಕ್ಕೆ ತಿರುಗುತ್ತದೆ, ಸುಣ್ಣದ ಅಸ್ಥಿಪಂಜರ ಕಟ್ಟುವ ವೇಗ ಕುಗ್ಗಬಹುದು. ಹೊರಗಡೆ ಕಲ್ಲಿನ ಮೇಲೆ ಹಸಿರು ಎಳೆಪಾಚಿ ಹಬ್ಬಿ ಹವಳವನ್ನು ಮುಚ್ಚಿಬಿಡುತ್ತದೆ.

ನೀರಿನ ಮೂಲ

ಕೇಂದ್ರೀಯ ಅಂತರ್ಜಲ ಮಂಡಳಿಯ ವರದಿಗಳಲ್ಲಿ, ಅಂತರ್ಜಲದ ನೈಟ್ರೇಟ್ ಮಿತಿ ಮೀರಿದ ಸ್ಥಳಗಳಿರುವ ಕರ್ನಾಟಕದ ಜಿಲ್ಲೆಗಳ ಪಟ್ಟಿಯಲ್ಲಿ ಗದಗವೂ ಸೇರಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹೊಲಕ್ಕೆ ಹಾಕಿದ ಯೂರಿಯಾ, ಹಿತ್ತಿಲ ತಿಪ್ಪೆಗುಂಡಿ, ದನದ ಕೊಟ್ಟಿಗೆ, ಶೌಚದ ಗುಂಡಿ ಇವುಗಳಿಂದ ಇಳಿದ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗಿ, ನೀರಿನೊಡನೆ ಕೆಳಗೆ ಸೇರುತ್ತದೆ. ಮಿತಿ ಮೀರಿದ ನೀರು ಎಳೆಯ ಕೂಸುಗಳಿಗೆ ಅಪಾಯಕರ. ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿ ಕುಂದಿ ಮೈ ನೀಲಿಗಟ್ಟುವ ಕಾಯಿಲೆ ಉಂಟಾಗಬಹುದು. ಮೀನು ಸಾಕುವವರು ತರಿಸುವ ಪರೀಕ್ಷಾ ಪೆಟ್ಟಿಗೆಯಿಂದ ಮನೆಯ ಕುಡಿಯುವ ನೀರನ್ನೂ ಒಮ್ಮೆ ನೋಡಿಕೊಳ್ಳುವುದು ಈ ಕಾರಣಕ್ಕೆ ಒಳ್ಳೆಯದು. ಅನುಮಾನ ಬಂದರೆ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ನೀರನ್ನು ಕುದಿಸುವುದರಿಂದ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಅಕ್ವೇರಿಯಂನಲ್ಲಿ ಆವಿಯಾಗುವಿಕೆಯೇ ಕಣ್ಣಿಗೆ ಬೀಳದ ಶತ್ರು. ಬೇಸಿಗೆಯ ಒಣ ಗಾಳಿಯಲ್ಲಿ 100 ಲೀಟರಿನ ತೊಟ್ಟಿಯಿಂದ ದಿನಕ್ಕೆ 1 ಲೀಟರ್ ಆವಿಯಾಯಿತೆಂದು ಇಟ್ಟುಕೊಳ್ಳೋಣ. ಹೋಗುವುದು ಬರೀ ನೀರು. ಉಪ್ಪು ಮತ್ತು ನೈಟ್ರೇಟ್ ತೊಟ್ಟಿಯಲ್ಲೇ ಉಳಿಯುತ್ತವೆ. ಆ ಕೊರತೆಯನ್ನು 45 ಮಿಲಿಗ್ರಾಂ ನೈಟ್ರೇಟ್ ಇರುವ ಕೊಳವೆ ಬಾವಿಯ ನೀರಿನಿಂದ ತುಂಬಿದರೆ ದಿನಕ್ಕೆ ಲೀಟರಿಗೆ 0.45 ಮಿಲಿಗ್ರಾಂ, ತಿಂಗಳಿಗೆ 13.5 ಮಿಲಿಗ್ರಾಂ ಏರುತ್ತದೆ. ಒಂದು ಮೀನಿಗೂ ಆಹಾರ ಹಾಕದಿದ್ದರೂ ಇಷ್ಟು ಏರುತ್ತದೆ.

ಆದ್ದರಿಂದ ಉಪ್ಪು ಬೆರೆಸುವುದಕ್ಕೂ, ಆವಿಯಾದದ್ದನ್ನು ತುಂಬುವುದಕ್ಕೂ ರಿವರ್ಸ್ ಆಸ್ಮೋಸಿಸ್ ಯಂತ್ರದಿಂದ ಶುದ್ಧಗೊಳಿಸಿ, ಬಳಿಕ ಅಯಾನು ವಿನಿಮಯದ ರಾಳದ ಮೂಲಕ ಹಾಯಿಸಿದ ನೀರನ್ನು ಬಳಸುವುದು ರೂಢಿ. ಆಸ್ಮೋಸಿಸ್ ಪೊರೆ ನೈಟ್ರೇಟಿನ ಬಹುಭಾಗವನ್ನು ತಡೆಯುತ್ತದೆ, ಉಳಿದದ್ದನ್ನು ರಾಳ ಹಿಡಿಯುತ್ತದೆ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿಯೂ ಸಾಮಾನ್ಯವಾಗಿ ಇದೇ ಪೊರೆಯ ಯಂತ್ರವಿರುತ್ತದೆ. ಆದರೆ ಪೊರೆ ಹಳತಾದರೆ ಅಥವಾ ರುಚಿಗಾಗಿ ಮೂಲ ನೀರನ್ನು ಬೆರೆಸಿದರೆ ನೈಟ್ರೇಟ್ ಉಳಿದಿರಬಹುದು. ಬಳಸುವ ಮುನ್ನ ಪರೀಕ್ಷಿಸುವುದು ಅಗತ್ಯ. ಅಡಿಗೆಯ ಅಯೋಡೀಕೃತ ಉಪ್ಪು ಕಡಲ ಉಪ್ಪಿಗೆ ಬದಲಿಯಲ್ಲ. ಅಕ್ವೇರಿಯಂಗೆಂದೇ ಸಿಗುವ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಕರಗಿಸಲಾಗುತ್ತದೆ.

ಅಳತೆ

ಮನೆಯ ಪರೀಕ್ಷಾ ಪೆಟ್ಟಿಗೆಗಳು ನೈಟ್ರೇಟನ್ನು ಮೊದಲು ನೈಟ್ರೈಟ್ ಆಗಿ ಮಾರ್ಪಡಿಸಿ, ಬಣ್ಣದ ಮೂಲಕ ಅಳೆಯುತ್ತವೆ. ತೊಟ್ಟಿಯಲ್ಲಿ ಮೊದಲೇ ನೈಟ್ರೈಟ್ ಇದ್ದರೆ ಫಲಿತಾಂಶ ತಪ್ಪಾಗಿ ಹೆಚ್ಚು ತೋರಿಸುತ್ತದೆ. ಇನ್ನೊಂದು ಗೊಂದಲವೂ ಇದೆ. ಕೆಲವು ಪೆಟ್ಟಿಗೆಗಳು ಇಡೀ ನೈಟ್ರೇಟನ್ನೂ, ಕೆಲವು ಅದರಲ್ಲಿರುವ ಸಾರಜನಕವನ್ನು ಮಾತ್ರವೂ ತಿಳಿಸುತ್ತವೆ. ಎರಡನೆಯದನ್ನು 4.43ರಿಂದ ಗುಣಿಸಿದರೆ ಮೊದಲನೆಯದು ದೊರೆಯುತ್ತದೆ. ಹೊಸಬರು ಎರಡು ಪೆಟ್ಟಿಗೆಗಳ ಅಂಕಿಗಳನ್ನು ಹೋಲಿಸಿ ಗಾಬರಿಗೊಳ್ಳುವುದು ಬಹುಮಟ್ಟಿಗೆ ಇದರಿಂದಲೇ.

ತಗ್ಗಿಸುವ ವಿಧಾನಗಳು

ನೀರು ಬದಲಿಸುವುದು ಸರಳವಾದ ಉಪಾಯ; ಆದರೆ ಅದರ ಲೆಕ್ಕವನ್ನು ಅನೇಕರು ತಪ್ಪಾಗಿ ಗ್ರಹಿಸುತ್ತಾರೆ. 40 ಮಿಲಿಗ್ರಾಂ ಇರುವ ತೊಟ್ಟಿಯಲ್ಲಿ ಶೇ. 20 ನೀರನ್ನು ನೈಟ್ರೇಟ್ ಇಲ್ಲದ ನೀರಿನಿಂದ ಬದಲಿಸಿದರೆ 32ಕ್ಕೆ ಇಳಿಯುತ್ತದೆ. ಹೀಗೆ ಐದು ಸಲ ಮಾಡಿದರೂ ಸುಮಾರು 13 ಉಳಿಯುತ್ತದೆ, ಅದೂ ನಡುವೆ ಹೊಸ ನೈಟ್ರೇಟ್ ಸೇರದಿದ್ದರೆ. ವಾರಕ್ಕೆ ಲೀಟರಿಗೆ 4 ಮಿಲಿಗ್ರಾಂ ಸೇರುವ ತೊಟ್ಟಿಯಲ್ಲಿ ವಾರಕ್ಕೊಮ್ಮೆ ಶೇ. 20 ಬದಲಿಸುತ್ತಿದ್ದರೆ, ಮಟ್ಟವು 16 ಮತ್ತು 20ರ ನಡುವೆ ತೂಗಾಡುತ್ತ ನಿಲ್ಲುತ್ತದೆ. ಇನ್ನೂ ಕೆಳಗೆ ಇಳಿಸಬೇಕಾದರೆ ಆಹಾರ ಕಡಿಮೆ ಮಾಡಬೇಕು, ಇಲ್ಲವೆ ಬೇರೆ ದಾರಿ ಸೇರಿಸಬೇಕು.

ಅಂತಹ ದಾರಿಗಳಲ್ಲಿ ಮೊದಲನೆಯದು ಪ್ರೋಟೀನ್ ಸ್ಕಿಮ್ಮರ್. ಇದು ನೀರಿನಲ್ಲಿ ಸಣ್ಣ ಗುಳ್ಳೆಗಳನ್ನು ಹಾಯಿಸಿ, ಕೊಳೆಯುವ ಮುನ್ನವೇ ಜೈವಿಕ ಪದಾರ್ಥವನ್ನು ನೊರೆಯಾಗಿ ಹೊರತೆಗೆಯುತ್ತದೆ. ಎರಡನೆಯದು ಪಾಚಿ ಬೆಳೆ. ಪಕ್ಕದ ಚಿಕ್ಕ ತೊಟ್ಟಿಯಲ್ಲಿ ಕೀಟೊಮಾರ್ಫಾ ಎಂಬ ಎಳೆಯಂತಹ ಪಾಚಿಯನ್ನು ಬೆಳಕಿನಡಿ ಬೆಳೆಸಿದರೆ ಅದು ನೈಟ್ರೇಟನ್ನು ಹೀರಿಕೊಂಡು ಬೆಳೆಯುತ್ತದೆ. ಆ ಪಾಚಿಯನ್ನು ಆಗಾಗ ಕಿತ್ತು ಹೊರಹಾಕಿದರೆ ಮಾತ್ರ ಲಾಭ. ತೊಟ್ಟಿಯಲ್ಲೇ ಕೊಳೆತರೆ ಹೀರಿದ್ದೆಲ್ಲ ಮರಳಿ ಬರುತ್ತದೆ. ಹೊಲದಿಂದ ಕಳೆ ತೆಗೆದು ಬದುವಿನಾಚೆ ಎಸೆಯುವ ರೈತನಿಗೆ ಇದನ್ನು ವಿವರಿಸಬೇಕಿಲ್ಲ.

ರಂಧ್ರಗಳುಳ್ಳ ಕಲ್ಲಿನ ಒಳಭಾಗದಲ್ಲಿಯೂ ಆಳವಾದ ಮರಳಿನ ಹಾಸಿನಲ್ಲಿಯೂ ಆಮ್ಲಜನಕ ಸಿಗದಾಗ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಉಸಿರಾಟಕ್ಕೆ ಬಳಸಿ, ಸಾರಜನಕವನ್ನು ಅನಿಲವಾಗಿ ಬಿಡುತ್ತವೆ. ನೈಟ್ರೇಟ್ ನಿಜವಾಗಿ ತೊಟ್ಟಿಯನ್ನು ಬಿಟ್ಟು ಗಾಳಿಗೆ ಸೇರುವ ದಾರಿ ಇದು. ಹಳೆಯ ಮರಳಿನ ಹಾಸನ್ನು ಒಮ್ಮೆಲೇ ಕಲಕಿದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡ್ ಹೊರಬಂದು ಮೀನುಗಳು ಸಾಯಬಹುದು.

ವಿನೆಗರ್ ಅಥವಾ ಸಕ್ಕರೆಯಂತಹ ಇಂಗಾಲದ ಮೂಲವನ್ನು ಹನಿಹನಿಯಾಗಿ ಸೇರಿಸಿ ಬ್ಯಾಕ್ಟೀರಿಯಾಗಳನ್ನು ಬೆಳೆಸುವ ಪದ್ಧತಿಯೂ ಇದೆ. ಅವು ನೈಟ್ರೇಟ್ ಮತ್ತು ಫಾಸ್ಫೇಟನ್ನು ಹೀರಿ ಬೆಳೆಯುತ್ತವೆ, ಸ್ಕಿಮ್ಮರ್ ಅವುಗಳನ್ನು ಹೊರತೆಗೆಯುತ್ತದೆ. ಪ್ರಮಾಣ ಮೀರಿದರೆ ನೀರು ಹಾಲಿನಂತೆ ಬಿಳುಪಾಗಿ, ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನೆಲ್ಲ ಕಬಳಿಸಿ, ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮೀನುಗಳು ಸತ್ತಿರಬಹುದು. ವಿದ್ಯುತ್ ಪದೇಪದೇ ಹೋಗುವ ಊರಿನಲ್ಲಿ, ಬ್ಯಾಟರಿಯ ಗಾಳಿ ಪಂಪು ಇಲ್ಲದೆ ಈ ವಿಧಾನಕ್ಕೆ ಕೈಹಾಕದಿರುವುದೇ ಲೇಸು.

ಶೂನ್ಯವೂ ಗುರಿಯಲ್ಲ. ನೈಟ್ರೇಟ್, ಫಾಸ್ಫೇಟ್ ಎರಡೂ ಪೂರ್ತಿ ಬತ್ತಿದ ತೊಟ್ಟಿಯಲ್ಲಿ ಹವಳ ಬಿಳಿಚಿಕೊಂಡು ಸೊರಗುತ್ತದೆ. ಡೈನೊಫ್ಲಾಜೆಲೇಟ್ ಎಂಬ ಕಂದು ಲೋಳೆಯ ಸೂಕ್ಷ್ಮಜೀವಿಗಳು ಹಬ್ಬುವುದೂ ಉಂಟು. ಲೀಟರಿಗೆ 2ರಿಂದ 10 ಮಿಲಿಗ್ರಾಂ ನಡುವಿನ ಸ್ಥಿರ ಮಟ್ಟವನ್ನು ಹೆಚ್ಚಿನ ಹವ್ಯಾಸಿಗಳು ಇಟ್ಟುಕೊಳ್ಳುತ್ತಾರೆ. ಇಳಿಕೆಯೂ ನಿಧಾನವಾಗಿರಬೇಕು. 40ರಿಂದ ಒಂದೇ ದಿನ 5ಕ್ಕೆ ಇಳಿಸಿದ ತೊಟ್ಟಿಯ ಹವಳ, ಹಿಂದಿನ ಕೊಳೆಗಿಂತ ಈ ಶುಚಿತ್ವದಿಂದಲೇ ಹೆಚ್ಚು ನರಳಬಹುದು.

ಕಾನೂನು

ಭಾರತದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ ಮತ್ತು ಕಡಲ ಬೀಸಣಿಗೆಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ರಕ್ಷಣೆಗೆ ಒಳಪಟ್ಟಿವೆ. ಕರ್ನಾಟಕದಲ್ಲಿ ಹವಳಗಳಿರುವ ತಾಣವಾಗಿ ಹೆಸರಾದದ್ದು ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ಅಲ್ಲಿಂದಾಗಲಿ, ಲಕ್ಷದ್ವೀಪ ಅಥವಾ ಮನ್ನಾರ್ ಕೊಲ್ಲಿಯಿಂದಾಗಲಿ ಗಟ್ಟಿ ಹವಳವನ್ನು ಕಿತ್ತು ತರುವುದು ಅಪರಾಧ. ಹವಳ ಅಂಟಿದ ಕಲ್ಲನ್ನು ಎತ್ತಿ ತರುವವರೂ ಇದೇ ಕಾನೂನಿನಡಿ ಸಿಕ್ಕಿಬೀಳಬಹುದು. ಬ್ಯಾಕ್ಟೀರಿಯಾಗಳ ನೆಲೆಗೆ ಒಣಗಿದ ಸುಣ್ಣದ ಕಲ್ಲು ಸಾಕಾಗುತ್ತದೆ. ಅದು ಪಕ್ವವಾಗಲು ಕೆಲವು ವಾರಗಳಿಂದ ತಿಂಗಳುಗಳವರೆಗೆ ಕಾಯಬೇಕಾಗುತ್ತದೆ. ಕೊಚ್ಚಿಯಲ್ಲಿ ಪ್ರಧಾನ ಕಚೇರಿ ಇರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನಿನಂತಹ ಅಲಂಕಾರಿಕ ಕಡಲ ಮೀನುಗಳನ್ನು ಸೆರೆಯಲ್ಲೇ ಮರಿ ಮಾಡಿಸುವ ವಿಧಾನಗಳನ್ನು ಅಭಿವೃದ್ಧಿಪಡಿಸಿದೆ. ಹೀಗೆ ತೊಟ್ಟಿಯಲ್ಲೇ ಹುಟ್ಟಿದ ಮೀನುಗಳು ಒಣ ಆಹಾರಕ್ಕೆ ಬೇಗ ಒಗ್ಗುತ್ತವೆ, ಆದ್ದರಿಂದ ತಿನ್ನದೆ ತಳದಲ್ಲಿ ಕೊಳೆಯುವ ಆಹಾರವೂ ಕಡಿಮೆ.