ಸರ್ವಜ್ಞನ ಮಾತು ಪುಸ್ತಕವಾದ ಬಗೆ

ಜಿಪುಣ, ಸೋಮಾರಿ, ಸಾಲಗಾರ, ವೇಷಕ್ಕಷ್ಟೇ ಜಂಗಮನಾದವನು, ಯಾರನ್ನೂ ಸರ್ವಜ್ಞ ಬಿಟ್ಟಿಲ್ಲ. ಅದಕ್ಕೆ ಅವನಿಗೆ ಮೂರೇ ಸಾಲು ಸಾಕಾಯಿತು. ಈ ಮೂರು ಸಾಲಿನ ತ್ರಿಪದಿ ಅವನಿಗಿಂತ ಬಹಳ ಹಳೆಯದು. ಕ್ರಿ.ಶ. 700ರ ಸುಮಾರಿನದೆನ್ನುವ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಅದು ಬಂಡೆಯ ಮೇಲಿದೆ. ಹೆಣ್ಣುಮಕ್ಕಳು ಜೋಳ ಬೀಸುತ್ತ ಹಾಡಿದ್ದೂ ಅದರಲ್ಲೇ. ಜನರ ನಾಲಿಗೆಗೆ ಮೊದಲೇ ಹೊಂದಿಕೊಂಡಿದ್ದ ಧಾಟಿಯನ್ನು ಸರ್ವಜ್ಞ ಹಿಡಿದ. ಅವನ ಮಾತು ಉಳಿಯಲು ಇದೇ ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ.

ತ್ರಿಪದಿಗೆ ಒಟ್ಟು 11 ಗಣ: ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು, ಕೊನೆಯದಕ್ಕೆ ಮೂರು. ಆರನೆಯದೂ ಹತ್ತನೆಯದೂ ಗಿಡ್ಡ ಬ್ರಹ್ಮಗಣ, ಉಳಿದವು ವಿಷ್ಣುಗಣ. ಎಷ್ಟೋ ವಚನಗಳಲ್ಲಿ ಮೊದಲ ಸಾಲು ಲೋಕದ ಒಂದು ಸಂಗತಿ ಹೇಳುತ್ತದೆ, ಎರಡನೆಯದು ಅದರ ಪಕ್ಕಕ್ಕೆ ಇನ್ನೊಂದನ್ನು ತಂದು ನಿಲ್ಲಿಸುತ್ತದೆ, ಮೋಟಾದ ಮೂರನೆಯದು ಏಟು ಕೊಡುತ್ತದೆ. ಕೊನೆಗೆ ‘ಸರ್ವಜ್ಞ’ ಎಂಬ ಅಂಕಿತ.

ತೊಡಕು ಹುಟ್ಟಿದ್ದೂ ಈ ಅಂಕಿತದಿಂದಲೇ. ಇಂದಿನ ಹಾವೇರಿ ಜಿಲ್ಲೆಯ ಅಬಲೂರು, ಮಾಸೂರುಗಳ ಜೊತೆ ಹೆಸರು ಬೆಸೆದುಕೊಂಡ ಈ ಅಲೆಮಾರಿ 16ನೇ ಶತಮಾನದವನೋ 17ನೆಯದರವನೋ ಎಂಬುದೇ ಚರ್ಚೆಯಲ್ಲಿದೆ. ಅವನು ಕೂತು ಬರೆದಿಟ್ಟ ಗ್ರಂಥವಿಲ್ಲ. ಊರ ಜಾಣರು ತಮ್ಮ ಅನುಭವವನ್ನೂ ಮೂರು ಸಾಲು ಮಾಡಿ ಕೊನೆಗೆ ಅವನ ಹೆಸರು ಕೂಡಿಸಿದರು. ವಚನಗಳ ಲೆಕ್ಕ ಜನರ ಬಾಯಲ್ಲಿ ಏಳು ಕೋಟಿ ದಾಟಿತು!

ಹೀಗೆ ಚೆದುರಿದ್ದನ್ನು ಒಂದೆಡೆ ಕೂಡಿಸಿದವರು ರೆವರೆಂಡ್ ಉತ್ತಂಗಿ ಚನ್ನಪ್ಪ. 1881ರಲ್ಲಿ ಹುಟ್ಟಿದ ಇವರು ಬಾಸೆಲ್ ಮಿಷನ್ನಿನ ಪಾದ್ರಿ. ಶೈವ ಸಂಸ್ಕಾರದ ಕವಿಯ ಮಾತಿಗಾಗಿ ಒಬ್ಬ ಕ್ರೈಸ್ತ ಪಾದ್ರಿ ಬಾಯಿಪಾಠದವರನ್ನು ಕೇಳಿದರು, ಓಲೆಗರಿ, ಕೈಬರಹದ ಪ್ರತಿಗಳನ್ನು ಹುಡುಕಿದರು. ಒಂದೇ ವಚನ ಊರಿಂದೂರಿಗೆ ಬೇರೆಯಾಗಿ ಕೇಳಿಸುವಾಗ ಯಾವ ಪಾಠ ಹಿಡಿಯಬೇಕು, ಯಾವುದನ್ನು ಬಿಡಬೇಕು? ಗಣ ತಪ್ಪಿದರೆ ಕಿವಿಗೆ ಗೊತ್ತಾಗುತ್ತದೆ. ಗಣ ಸರಿಯಿದ್ದೂ ಮಾತು ಇನ್ನೊಬ್ಬರದಾಗಿದ್ದರೆ ತಿಳಿಯುವುದು ಕಷ್ಟ. ಇಷ್ಟೆಲ್ಲ ದುಡಿದ ಮೇಲೆ 1924ರಲ್ಲಿ ‘ಸರ್ವಜ್ಞನ ವಚನಗಳು’ ಅಚ್ಚಾಗಿ ಬಂತು. ನಂತರದ ಸಂಪಾದಕರು ಅದನ್ನು ತಿದ್ದಿರಬಹುದು, ಆದರೆ ಯಾರೂ ಅದನ್ನು ದಾಟಿ ಹೋಗುವಂತಿರಲಿಲ್ಲ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ನಾಡು ಚನ್ನಪ್ಪನವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿತು.

ಸರ್ವಜ್ಞನನ್ನು ನಾವು ಮರೆತಿಲ್ಲ. 2009ರ ಆಗಸ್ಟಿನಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ, ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆ ಕೆಲವೇ ದಿನಗಳ ಅಂತರದಲ್ಲಿ ಅನಾವರಣಗೊಂಡವು. ಫೆಬ್ರುವರಿ 20ಕ್ಕೆ ಸರ್ವಜ್ಞ ಜಯಂತಿಯೂ ನಡೆಯುತ್ತದೆ. ಇಷ್ಟು ಮಾಡುವ ನಾವು ಪಠ್ಯಪುಸ್ತಕದಲ್ಲಿ ಸರ್ವಜ್ಞನ ವಚನ ಅಚ್ಚಾಗುವಲ್ಲೆಲ್ಲ ಕವಿ ಪರಿಚಯದ ಕೆಳಗೆ ಇನ್ನೊಂದು ಸಾಲು ಸೇರಿಸಬೇಕು: ಸಂಗ್ರಹಿಸಿ ಕೊಟ್ಟವರು ಉತ್ತಂಗಿ ಚನ್ನಪ್ಪ.